ಹೇಸಿಗೆ ಯಾರಿಗೆ?

ನಮ್ಮ ಹುಡುಗರ ಪದ್ಯದಲ್ಲಿ ಹೆಣ, ಮೂಳೆ, ರಕ್ತ, ದೆವ್ವ ಬಂದ ಕೂಡಲೇ ಪಂಡಿತರು ಮೂಗು ಮುಚ್ಚಿಕೊಳ್ತಾರೆ. 'ಗಾಥಿಕ್ ಪ್ರಭಾವ, ಬರೀ ವಿಕಾರ' ಅಂತ ಹಣೆಪಟ್ಟಿ ಹಚ್ಚಿ ಕೈ ತೊಳಕೊಳ್ತಾರೆ. ಈ ಗಾಥಿಕ್ ಯಾರ ಮನೆಯದು, ಸ್ವಲ್ಪ ನೋಡೋಣ.

1764ರಲ್ಲಿ ಇಂಗ್ಲೆಂಡಿನ ಹೊರೇಸ್ ವಾಲ್‌ಪೋಲ್ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಕಾದಂಬರಿ ಬರೆದ. ಹಳೇ ಕೋಟೆ, ಕತ್ತಲ ನೆಲಮಾಳಿಗೆ, ಹಿರಿಯರ ಪಾಪ ವಂಶವನ್ನು ಕಾಡುವ ಕಥೆ. ನಮ್ಮಲ್ಲಿ ಗೋಪಾಲಕೃಷ್ಣ ಅಡಿಗರ 'ಭೂತ'ದಲ್ಲೂ ಕಾಡೋದು ಹಿರೀಕರೇ. ದೊಡ್ಡ ಪದ್ಯ, ಇಲ್ಲ ಅನ್ನೋಲ್ಲ. ಆದರೆ ಹಾಗೆ ಕಾಡಿಸಿಕೊಳ್ಳೋದಕ್ಕೂ ಒಂದು ತೊಟ್ಟಿಮನೆ ಬೇಕು, ವಂಶಾವಳಿ ಬೇಕು. ಊರ ಹೊರಗಿನ ಕೇರಿಗೆ ಅವೆಲ್ಲಿದ್ದವು?

ಬೀಭತ್ಸ ರಸಕ್ಕೆ ಜುಗುಪ್ಸೆಯೇ ಸ್ಥಾಯಿಭಾವ ಅಂತ ಭರತನ ನಾಟ್ಯಶಾಸ್ತ್ರ ಹೇಳುತ್ತೆ. ಜುಗುಪ್ಸೆ ಯಾರದು ಸ್ವಾಮಿ? ಸತ್ತ ದನ ಹೊತ್ತವರಿಗೆ, ಗುಣಿ ತೆಗೆದವರಿಗೆ, ಹೆಣದ ಮುಂದೆ ತಮಟೆ ಬಡಿದವರಿಗೆ ಅದು ಜಾತಿ ಹೊರಿಸಿದ ಬಿಟ್ಟಿ ಚಾಕರಿ. ಅದೇ ಚರ್ಮ ಮೃದಂಗವಾಗಿ ಕಛೇರಿಯಲ್ಲಿ ಕೂತರೆ ನಾದಬ್ರಹ್ಮ! ಮುಟ್ಟಿದ ಕೈ ನೋಡಿ ಹೇಸುವ ರಸಿಕತೆ ಇದು.

1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಆ ಕೈಗಳು ಕನ್ನಡ ಕಾವ್ಯದ ಕದ ತಟ್ಟಿದವು. 2019ರಲ್ಲಿ ತೀರಿಕೊಂಡ ನಮ್ಮ ತುಮಕೂರಿನ ಕೆ.ಬಿ. ಸಿದ್ದಯ್ಯ ಇನ್ನೂ ಆಳಕ್ಕೆ ಇಳಿದರು. ತಮ್ಮ 'ದಕ್ಲಕಥಾದೇವಿ' ಖಂಡಕಾವ್ಯದಲ್ಲಿ ಅವರು ದಕ್ಕಲರ ಕಡೆ ತಿರುಗಿದರು. ದಕ್ಕಲರು ಮಾದಿಗರ ಕುಲಕಥೆ ಹಾಡಿ, ಮಾದಿಗರಲ್ಲೇ ಬೇಡಿ ಉಣ್ಣುತ್ತಿದ್ದವರು. ಅವರನ್ನು ಮಾದಿಗರೇ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಊರಿನ ಹೇಸಿಗೆ ಕೇರಿಯೊಳಕ್ಕೂ ಹೊಕ್ಕಿತ್ತು! ನಮ್ಮನ್ನು ನಿಜವಾಗಿ ನಡುಗಿಸಬೇಕಾದ ದೆವ್ವ ಇದು.

ಈಗ ಬರೆಯುತ್ತಿರುವ ಗೆಳೆಯರಿಗೂ ಒಂದು ಮಾತು. ಹಿರೇಹಳ್ಳಿಯ ಕಾರ್ಖಾನೆ ಶೆಡ್ಡುಗಳ ಮಗ್ಗುಲಲ್ಲಿ ಕೂತು ಲಂಡನ್ನಿನ ಮಂಜು, ಪಾಳುಕೋಟೆ ಯಾಕೆ ಬರೀಬೇಕು? ಸಾಲಿಗೊಂದು ಹೆಣ, ಪುಟಕ್ಕೊಂದು ತಲೆಬುರುಡೆ ಇಟ್ಟರೆ ದಲಿತ ಕಾವ್ಯ ಆಗೋಲ್ಲ. ಊರಿಲ್ಲದ, ಹೆಸರಿಲ್ಲದ ಹೆಣ ಬರೀ ಅಲಂಕಾರ. ಓದಿದವರು 'ಅಬ್ಬಾ' ಅಂದು ಕಾಫಿ ಕುಡೀತಾರೆ, ಅಷ್ಟೇ.

2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಸುಟ್ಟು ಕೊಂದರು. ಕೋರ್ಟಿನಲ್ಲಿ ಆರೋಪಿಗಳು ಖುಲಾಸೆಯಾದರು. ಹಾಗಾದರೆ ಬೆಂಕಿ ಇಟ್ಟವರು ಯಾರು, ಕೊಳ್ಳಿದೆವ್ವಗಳೇ? ಇದಕ್ಕಿಂತ ಭಯಾನಕವಾದ ಕಥೆ ಯಾವ ವಾಲ್‌ಪೋಲನೂ ಬರೆದಿಲ್ಲ.

ನಮ್ಮ ಪದ್ಯಗಳಲ್ಲಿ ಹೆಣ ಏಳಲಿ, ದೆವ್ವ ಕುಣೀಲಿ, ಬೇಡ ಅನ್ನೋಲ್ಲ. ಎದ್ದ ಹೆಣ ತನ್ನ ಊರು ಯಾವುದು ಅಂತ ಹೇಳಲಿ. ತನ್ನನ್ನು ಕೊಂದದ್ದು ಯಾಕೆ ಅಂತ ಕೇಳಲಿ.