ಗುಣಿಸು ಅನ್ನೋದು ಕೊನೇಲಿ ಬರುತ್ತೆ

ಹೋದ ಸೆಮಿಸ್ಟರ್ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ವೈವಾದಲ್ಲಿ ನಮ್ಮ ಬ್ಯಾಚಿನ ಗೆಳೆಯನೊಬ್ಬ ಸುಮ್ಮನೆ ನಿಂತುಬಿಟ್ಟ. ಪ್ರಶ್ನೆ ಇಷ್ಟೇ: ಇನ್‌ಫಿಕ್ಸನ್ನು ಪೋಸ್ಟ್‌ಫಿಕ್ಸ್ ಯಾಕೆ ಮಾಡ್ತೀವಿ? ಅವನ ಪ್ರೋಗ್ರಾಂ ಸರಿಯಾಗೇ ಓಡಿತ್ತು. "ಕನ್ನಡದಲ್ಲಿ ಹೇಳ್ಲಾ ಸರ್?" ಅಂದ. "ಇಂಗ್ಲಿಷ್ ಓನ್ಲಿ" ಅಂದ್ರು. ಮಾರ್ಕ್ಸ್ ಹೋಯ್ತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಬಾಯಿಪಾಠದ ಎರಡು ಸಾಲು ಒಪ್ಪಿಸಿ ಪಾಸಾದ್ವಿ. ನಿಜ ಹೇಳ್ಬೇಕಂದ್ರೆ ನಮಗೂ ಉತ್ತರ ಗೊತ್ತಿರಲಿಲ್ಲ.

ಅವನ ಊರು ಪಾವಗಡ ತಾಲ್ಲೂಕಿನ ವಳ್ಳೂರು. 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಹರಡಿರೋ ಐದು ಹಳ್ಳಿಗಳಲ್ಲಿ ಅದೂ ಒಂದು. ಮನೇಲಿ ತೆಲುಗು, ಶಾಲೇಲಿ ಕನ್ನಡ, ಇಲ್ಲಿ ಇಂಗ್ಲಿಷ್. ಅವನೇ ಒಂದು ಕಂಪೈಲರ್!

ಅವತ್ತು ರಾತ್ರಿ ಹಾಸ್ಟೆಲಲ್ಲಿ ಅವನು ನಮಗೆ ಪಾಠ ಮಾಡಿದ. ಪೈಥಾನ್‌ನಲ್ಲಿ ಕಡಲೆಕಾಯಿ ಲೆಕ್ಕ ಬರೆದ, ಅದೂ ಕನ್ನಡದ ಹೆಸರುಗಳಲ್ಲೇ:

ಒಟ್ಟು = ಬೆಲೆ * ಮೂಟೆ - ಬಾಡಿಗೆ

ಕಂಪೈಲರ್ ಮೊದಲು ಇದನ್ನ ಟೋಕನ್‌ಗಳಾಗಿ ಕತ್ತರಿಸುತ್ತೆ. ಆಮೇಲೆ ಯಾವುದಕ್ಕೆ ಯಾವುದು ಸೇರಿದ್ದು ಅಂತ ಮರ ಕಟ್ಟುತ್ತೆ. ಗುಣಿಸೋದು ಕೆಳಗಿನ ಕೊಂಬೆ, ಕಳೆಯೋದು ಮೇಲಿನದು. (ಈ ಮರದ ಬೇರು ಮೇಲಿರುತ್ತೆ, ಯಾಕೋ.) ಆ ಮರವನ್ನ ಕೆಳಗಿನಿಂದ ಓದಿ ಬೈಟ್‌ಕೋಡ್ ಬರೆಯುತ್ತೆ. 'ಡಿಸ್' ಮಾಡ್ಯೂಲ್ ಹಾಕಿ ಅದನ್ನೂ ತೋರಿಸಿದ: ಬೆಲೆ ತಗೋ, ಮೂಟೆ ತಗೋ, ಗುಣಿಸು, ಬಾಡಿಗೆ ತಗೋ, ಕಳೆ, ಒಟ್ಟಲ್ಲಿ ಇಡು.

"ಇದು ನಮ್ಮಪ್ಪ ಲೆಕ್ಕ ಹೇಳೋ ಥರಾನೇ ಇದೆಯಲ್ಲೋ" ಅಂದ. ಹೌದಲ್ವಾ! ಬೆಲೇನ ಮೂಟೆಯಿಂದ ಗುಣಿಸಿ, ಬಾಡಿಗೆ ಕಳೆದು, ಒಟ್ಟಲ್ಲಿ ಇಡು. ಕನ್ನಡದಲ್ಲಿ ಕ್ರಿಯಾಪದ ಕೊನೇಲಿ, ಪೋಸ್ಟ್‌ಫಿಕ್ಸಲ್ಲೂ ಹಾಗೇ. ಸ್ಟ್ಯಾಕ್ ಮೇಲೆ ಬೇಕಾದ್ದೆಲ್ಲ ಮೊದಲೇ ಕೂತಿರೋದ್ರಿಂದ ಬ್ರಾಕೆಟ್ಟೇ ಬೇಡ. ವೈವಾದ ಉತ್ತರ ಅದೇ. (ಸಿ ಕಂಪೈಲರ್ ಕೊನೆಗೆ ಪ್ರೊಸೆಸರ್‌ಗೆ ಕೊಡೋ ಅಸೆಂಬ್ಲಿಯಲ್ಲಿ 'ಆ್ಯಡ್' ಮೊದಲು ಬರುತ್ತೆ, ಒಪ್ಕೋತೀವಿ.)

ಪ್ಲೇಸ್‌ಮೆಂಟಿಗೆ ಇಂಗ್ಲಿಷ್ ಬೇಕು ಅಂತ ಸರ್ ಹೇಳೋದು ಸುಳ್ಳಲ್ಲ. ಟೋಕನ್, ಸ್ಟ್ಯಾಕ್ ಅನ್ನೋ ಪದಗಳು ಹಾಗೇ ಇರಲಿ, ಅವಕ್ಕೆ ಸಂಸ್ಕೃತ ಹುಡುಕೋದು ನಮಗೂ ಬೇಡ. ಆದ್ರೆ ವೈವಾ ಇರೋದು ವಿಷಯ ಗೊತ್ತಾ ಅಂತ ನೋಡೋಕೆ. ಕನ್ನಡದ ವೇರಿಯಬಲ್ ಹೆಸರನ್ನ ಪೈಥಾನ್ 3 ಬಂದ 2008ರಿಂದಲೂ ಒಪ್ಕೊಳ್ತಿದೆ. ವೈವಾ ಟೇಬಲ್ ಯಾಕೆ ಒಪ್ಪಲ್ಲ?

ಉತ್ತರ ಕನ್ನಡದಲ್ಲೂ ಹೇಳೋಕೆ ಬಿಡಿ ಅಂತ ಡಿಪಾರ್ಟ್‌ಮೆಂಟಿಗೆ ಅರ್ಜಿ ಬರೆದಿದ್ದೀವಿ. ಹನ್ನೊಂದು ಸಹಿ ಆಗಿದೆ. ಅವನು ಮಾತ್ರ ಇನ್ನೂ ಹಾಕಿಲ್ಲ. "ಇಂಟರ್ನಲ್ಸ್ ಕಟ್ ಆದ್ರೆ ನೀವು ಕೊಡ್ತೀರಾ?" ಅಂತಾನೆ.