ನೀರುನಾಯಿಯ ಪಾಲಿನ ಮೀನು

ತುಂಗಭದ್ರೆಯ ಒಂದು ತುಂಡನ್ನು ಸರ್ಕಾರ ನೀರುನಾಯಿಗಳ ಹೆಸರಿಗೆ ಬರೆದುಕೊಟ್ಟಿದೆ ಎಂದರೆ ಹೊಸಪೇಟೆಯವರೇ ಅನೇಕರು ನಂಬುವುದಿಲ್ಲ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ಹೊಳೆ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಈ ಪ್ರಾಣಿಗಾಗಿಯೇ ದೇಶದಲ್ಲಿ ಘೋಷಣೆಯಾದ ಮೊದಲನೆಯದು. ಹಂಪಿಯ ಬಂಡೆಗಳ ನಡುವೆ ಅದಕ್ಕೆ ಅಡಗಲು ಗವಿಗಳಿವೆ, ಮರಿ ಸಾಕಲು ನಡುಗಡ್ಡೆಗಳಿವೆ. ಕೊರತೆ ಇರುವುದು ಮೀನಿಗೆ. ಬೇಸಿಗೆಯಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಳಗೆ ಹರಿವು ಸೊರಗಿ, ಮೀನುಗಳೆಲ್ಲ ಮಡುಗಳಿಗೆ ಸೇರಿಕೊಂಡಾಗ ಸಿಡಿಮದ್ದು ಹಾಕಿ ಮೀನು ಹಿಡಿಯುವವರಿಗೆ ಸುಗ್ಗಿ. ಸ್ಫೋಟದ ಒತ್ತಡಕ್ಕೆ ಮೀನಿನೊಳಗಿನ ಗಾಳಿಚೀಲ ಒಡೆಯುತ್ತದೆ. ಕೆಲವು ತೇಲುತ್ತವೆ, ಉಳಿದವು ತಳಕ್ಕಿಳಿದು ಕೊಳೆಯುತ್ತವೆ, ಮರಿಗಳು ಯಾರ ಲೆಕ್ಕಕ್ಕೂ ಇಲ್ಲ. ಇದನ್ನು ಮೀನುಗಾರಿಕೆ ಎನ್ನುವುದೇ ಬೆಸ್ತರಿಗೆ ಮಾಡುವ ಅವಮಾನ. ಹರಿಗೋಲಿನಲ್ಲಿ ಕೂತು ಬಲೆ ಬೀಸುವವನಿಗೂ ನೀರುನಾಯಿಗೂ ಜಗಳವಿದೆ, ನಿಜ: ಅದು ಬಲೆ ಹರಿಯುತ್ತದೆ, ಇವನು ಬೈಯುತ್ತಾನೆ. ಆದರೆ ಇಬ್ಬರ ಹೊಟ್ಟೆಗೂ ಹೊಡೆಯುವುದು ಸಿಡಿಮದ್ದು ಮತ್ತು ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ. ತೊಂದರೆ ಮೀನಿಗಷ್ಟೇ ಅಲ್ಲ, ನೀರಿಗೂ ಇದೆ. ಮೇಲ್ಗಡೆ ಜಲಾಶಯದ ನೀರು ಕೆಲವು ವರ್ಷ ಪಾಚಿಯಿಂದ ಹಸಿರಾಗುತ್ತದೆ. ಗೊಬ್ಬರ, ಕೊಳಚೆಯ ಸಾರ ಉಂಡು ಬೆಳೆಯುವ ಪಾಚಿ ಅದು. ಆದರೆ ಇದೇ ಅಣೆಕಟ್ಟಿನ ಗೇಟು ಕಿತ್ತುಹೋದಾಗ, 2024ರ ಆಗಸ್ಟಿನಲ್ಲಿ, ನಾಡೆಲ್ಲ ಟಿಎಂಸಿ ಲೆಕ್ಕ ಹಾಕಿತು. ನೀರು ಎಷ್ಟಿದೆ ಎಂದು ದಿನವೂ ಕೇಳುವ ನಾವು ಹೇಗಿದೆ ಎಂದು ಕೇಳುವುದು ಅಪರೂಪ. ಮೀಸಲು ಪ್ರದೇಶಕ್ಕೆ ಈಗ ಬೇಕಿರುವುದು ಇನ್ನೊಂದು ಫಲಕವಲ್ಲ. ಮಡುಗಳ ಬಳಿ ರಾತ್ರಿ ಗಸ್ತು, ಮೊಟ್ಟೆಯಿಡುವ ಮುಂಗಾರಿನಲ್ಲಿ ಬಲೆಗೆ ಬಿಡುವು, ಆ ತಿಂಗಳುಗಳಲ್ಲಿ ಬೆಸ್ತರ ಮನೆಗೆ ಒಂದಿಷ್ಟು ಭತ್ಯೆ.