ಲಾರಿ ಚಾಲಕರೂ ರಸ್ತೆಯ ಕಾನೂನೂ



ನಮ್ಮ ಗಡಿನಾಡಿನ ಊರುಗಳಲ್ಲಿ ಲಾರಿಯನ್ನು ನಂಬಿ ಬದುಕುವ ಮನೆತನಗಳು ಕಡಿಮೆಯಲ್ಲ. ಜತ್ತದ ದಾಳಿಂಬೆ, ಸೊಲ್ಲಾಪುರ ಸೀಮೆಯ ಕಬ್ಬು, ಆದವಾನಿಯ ಹತ್ತಿ, ತಾಳವಾಡಿಯ ಕಾಯಿಪಲ್ಲೆ, ಹೊಸೂರಿನ ಕಾರಖಾನೆಗಳ ಸರಕು, ಕಾಸರಗೋಡಿನ ಅಡಿಕೆ - ಇವೆಲ್ಲವೂ ಪೇಟೆಯನ್ನು ಸೇರುವುದು ಲಾರಿ ಚಾಲಕರ ತೋಳ್ಬಲದಿಂದ. ಬೆಳಗ್ಗೆ ಒಂದು ರಾಜ್ಯದಿಂದ ಹೊರಟವನು ಸಂಜೆಯ ವೇಳೆಗೆ ಮತ್ತೊಂದರಲ್ಲಿರುತ್ತಾನೆ. ಅವನನ್ನು ತಡೆದು ಪ್ರಶ್ನಿಸುವ ಅಧಿಕಾರಿಯ ಮಾತು ಬೇರೆ, ಕೊಡುವ ಚೀಟಿಯ ಲಿಪಿ ಬೇರೆ. ಆದರೆ ಮೂಲ ಕಾನೂನು ಒಂದೇ. ಆ ಕಾನೂನನ್ನು ಅವನಿಗೆ ಯಾರು ಕಲಿಸಿದರು? ಎಂದು ಕಲಿಸಿದರು? ಈ ಪ್ರಶ್ನೆಯನ್ನು ನಾವು ಇಂದು ಕೇಳಿಕೊಳ್ಳದಿದ್ದರೆ ನಾಳೆ ದಂಡವನ್ನೂ ಕಣ್ಣೀರನ್ನೂ ಎಣಿಸುತ್ತ ಕೂಡಬೇಕಾದೀತು.

ನಮ್ಮಲ್ಲಿ ನಡೆದು ಬಂದಿರುವ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಹುಡುಗನು ಕ್ಲೀನರನಾಗಿ ಸೇರುತ್ತಾನೆ. ಹಿರಿಯ ಚಾಲಕನ ಕೈಕೆಳಗೆ ಕೆಲವು ವರ್ಷ ದುಡಿದು ಗೇರು, ಬ್ರೇಕು, ತಿರುವುಗಳ ಮರ್ಮವನ್ನು ಅರಿಯುತ್ತಾನೆ. ಒಂದು ದಿನ ಲೈಸೆನ್ಸು ಪಡೆಯುತ್ತಾನೆ. ಅಲ್ಲಿಗೆ ವಿದ್ಯೆ ಮುಗಿಯಿತು. ಈ ಗುರುಪರಂಪರೆಯನ್ನು ನಾವು ಹೀನವೆಂದು ಹೇಳುವುದಿಲ್ಲ. ಕೈಯ ಕಸುಬು ಹೀಗೆಯೇ ಬರತಕ್ಕದ್ದು. ಆದರೆ ಕೈಯ ಕಸುಬು ಒಮ್ಮೆ ಬಂದರೆ ಬಂದಂತೆ. ಕಾನೂನಾದರೋ ಕಾಲಕಾಲಕ್ಕೆ ಮಾರ್ಪಡುವಂಥದು. 1939ರ ಮೋಟಾರು ವಾಹನ ಕಾಯಿದೆಯ ಸ್ಥಾನಕ್ಕೆ 1988ರ ಕಾಯಿದೆ ಬಂದಿತು. ಅದಕ್ಕೆ 2019ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಮಿತಿಮೀರಿ ಹೇರು ತುಂಬಿದ್ದಕ್ಕೆ ಹಿಂದೆ ಎರಡು ಸಾವಿರ ರೂಪಾಯಿಯಿಂದ ಮೊದಲಾಗುತ್ತಿದ್ದ ದಂಡವು ಆ ತಿದ್ದುಪಡಿಯಿಂದ 20,000 ರೂಪಾಯಿಗೆ ಏರಿತು. ಹೆಚ್ಚಿನ ಪ್ರತಿಯೊಂದು ಟನ್ನಿಗೆ 2,000 ರೂಪಾಯಿ ಬೇರೆ. ತೂಕಕ್ಕೆ ಒಪ್ಪದೆ ಗಾಡಿಯನ್ನು ಓಡಿಸಿಕೊಂಡು ಹೋದರೆ 40,000 ರೂಪಾಯಿ. ಹತ್ತು ವರ್ಷಗಳ ಹಿಂದೆ ಲೈಸೆನ್ಸು ಪಡೆದ ಚಾಲಕನಿಗೆ ಈ ಮಾತನ್ನು ಕೂರಿಸಿ ತಿಳಿಸಿದವರು ಯಾರು? ಅನೇಕರಿಗೆ ಇದು ತಿಳಿಯುವುದು ದಂಡದ ಚೀಟಿ ಕೈಗೆ ಬಂದಾಗಲೇ.

"ಪೊಲೀಸರಿಂದ ಪಾರಾಗುವ ಉಪಾಯವನ್ನು ಕಲಿಸಬೇಕೆನ್ನುವಿರಾ?" ಎಂದು ಕೆಲವರು ಕೇಳಬಹುದು. ಸರ್ವಥಾ ಅಲ್ಲ. 2022ನೆಯ ಇಸವಿ ಒಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ತಪಾಸಣೆ ಇರುವುದು ಈ ಸಾವನ್ನು ತಡೆಯಲೆಂದು. ತಪಾಸಣೆಗೆ ಸಿದ್ಧನಾದ ಚಾಲಕನೆಂದರೆ ಸುರಕ್ಷಿತನಾದ ಚಾಲಕನೇ. ಬ್ರೇಕು ನೆಟ್ಟಗಿದ್ದು, ಹೇರು ಹದವಾಗಿದ್ದು, ಕಾಗದಪತ್ರಗಳು ಸರಿಯಾಗಿದ್ದರೆ ಅವನು ಯಾವ ಚೆಕ್‌ಪೋಸ್ಟಿಗೂ ಅಂಜಬೇಕಾಗಿಲ್ಲ. ಯಾರ ಕೈಯನ್ನೂ ಬೆಚ್ಚಗೆ ಮಾಡಬೇಕಾಗಿಲ್ಲ. ಲಂಚಕ್ಕೆ ಹೆಬ್ಬಾಗಿಲು ತೆರೆಯುವುದು ನಮ್ಮ ಅಜ್ಞಾನ ಮತ್ತು ನಮ್ಮ ತಪ್ಪು, ಇವೆರಡೂ ಕೂಡಿದಾಗ.

ಪದೇ ಪದೇ ಕಲಿಯಬೇಕೆಂಬುದು ಕಾನೂನಿಗೆ ಹೊಸ ಮಾತಲ್ಲ. ಗ್ಯಾಸು, ಪೆಟ್ರೋಲು, ಆಮ್ಲ ಮೊದಲಾದ ಅಪಾಯಕರ ಸರಕನ್ನು ಸಾಗಿಸುವವನು ಮೂರು ದಿನಗಳ ತರಬೇತಿ ಪಡೆಯಬೇಕೆಂದೂ, ಲೈಸೆನ್ಸಿನ ನವೀಕರಣಕ್ಕೆ ಮುನ್ನ ಒಂದು ದಿನದ ಮರುತರಬೇತಿ ಪಡೆಯಬೇಕೆಂದೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ವಿಧಿಸಲಾಯಿತು. ಇದರ ಬೆಲೆ ಏನೆಂಬುದನ್ನು ಕಾಸರಗೋಡಿನ ಬಾಂಧವರಿಗೆ ವಿವರಿಸಬೇಕಾಗಿಲ್ಲ. 2012ರ ಆಗಸ್ಟ್ 27ರ ರಾತ್ರಿ ಮಂಗಳೂರಿನ ಕಡೆಯಿಂದ ಕೋಳಿಕ್ಕೋಡಿಗೆ ಹೊರಟಿದ್ದ ಅಡುಗೆ ಅನಿಲದ ಟ್ಯಾಂಕರು ಕಣ್ಣೂರಿನ ಬಳಿಯ ಚಾಲದಲ್ಲಿ ಉರುಳಿ ಸಿಡಿದು, 20 ಜನರು ಬೆಂದುಹೋದರು. ಅನಿಲದ ಟ್ಯಾಂಕರಿಗೆ ಮರುತರಬೇತಿ ಬೇಕಾದರೆ, ಶಾಲೆಯ ಮಕ್ಕಳು ನಡೆಯುವ ದಾರಿಯಲ್ಲಿ ಹತ್ತಾರು ಟನ್ನು ಹೇರಿಕೊಂಡು ಹೋಗುವ ಲಾರಿಗೆ ಏಕೆ ಬೇಡ?

ಈ ಶಿಕ್ಷಣದಲ್ಲಿ ಏನೇನು ಇರಬೇಕು? ಮೊದಲನೆಯದಾಗಿ, ತಪಾಸಣೆಯ ವೇಳೆಯ ನಡತೆ ಮತ್ತು ಹಕ್ಕು. ಸಮವಸ್ತ್ರದಲ್ಲಿರುವ ಪೊಲೀಸು ಅಧಿಕಾರಿ ಕೇಳಿದಾಗ ಲೈಸೆನ್ಸನ್ನು ತೋರಿಸತಕ್ಕದ್ದು ಚಾಲಕನ ಕರ್ತವ್ಯ. ಡಿಜಿಲಾಕರಿನಲ್ಲಿರುವ ಕಾಗದಪತ್ರಗಳೂ ಮೂಲ ಪತ್ರಗಳಷ್ಟೇ ಮಾನ್ಯವೆಂದು 2018ರಲ್ಲಿ ನಿಯಮವಾಯಿತು. ಅಧಿಕಾರಿಯು ಲೈಸೆನ್ಸನ್ನು ವಶಪಡಿಸಿಕೊಂಡರೆ ಅದಕ್ಕೆ ತಾತ್ಕಾಲಿಕ ರಸೀದಿ ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ; ಅದನ್ನು ವಿನಯದಿಂದ ಕೇಳಿ ಪಡೆಯುವುದು ಉದ್ಧಟತನವಲ್ಲ. ಹೆಚ್ಚಿನ ಹೇರನ್ನು ಇಳಿಸಬೇಕೆಂಬ ಆಜ್ಞೆಯೂ ಬರವಣಿಗೆಯಲ್ಲಿರಬೇಕು.

ಎರಡನೆಯದಾಗಿ, ಗಾಡಿಯ ಸ್ಥಿತಿ. ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟುತ್ತೇವೆ. ಆಯುಧಪೂಜೆಗೆ ಬೂದುಗುಂಬಳ ಒಡೆಯುತ್ತೇವೆ. ಅದು ನಮ್ಮ ಶ್ರದ್ಧೆ, ಇರಲಿ. ಆದರೆ ಅದೇ ದಿನ ಬ್ರೇಕನ್ನೂ ಟಯರನ್ನೂ ಹಿಂದಿನ ದೀಪವನ್ನೂ ನೋಡಿದವರು ಎಷ್ಟು ಮಂದಿ? ಮುಂದೆ ಬಿಳಿ, ಹಿಂದೆ ಕೆಂಪು ಹೊಳೆಯುವ ಪಟ್ಟಿಯಿಲ್ಲದೆ ಕತ್ತಲೆಯಲ್ಲಿ ನಿಂತ ಕಬ್ಬಿನ ಗಾಡಿಯು ಹಿಂದಿನಿಂದ ಬರುವವನಿಗೆ ಮೃತ್ಯುವೇ ಸರಿ. 27 ಕೊಂಡಿ ತಿರುವುಗಳ ದಿಂಬಂ ಘಾಟಿಯಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲಿನಲ್ಲಿ ಇಳಿಯುವವನು ಲಾರಿಯ ಭಾರವನ್ನೆಲ್ಲ ಬ್ರೇಕಿನ ಮೇಲೆಯೇ ಹಾಕುತ್ತಾನೆ. ಬ್ರೇಕು ಕಾಯ್ದು ಹಿಡಿತ ಕಳೆದುಕೊಂಡ ಮೇಲೆ ದೇವರೂ ತಡೆಯಲಾರನು. ಹತ್ತುವ ಗೇರಿನಲ್ಲಿಯೇ ಇಳಿಯಬೇಕೆಂಬ ಹಿರಿಯರ ಮಾತು ಕಿವಿಯಲ್ಲಿರಬೇಕು. ಇಕ್ಕಟ್ಟಾದ ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕೆಂಬುದು 2017ರ ಚಾಲನಾ ವಿನಿಯಮ.

ಮೂರನೆಯದಾಗಿ, ಅಪಘಾತದ ವೇಳೆಯ ಧರ್ಮ. ಗಾಯಾಳುವನ್ನು ವೈದ್ಯರ ಬಳಿಗೆ ಸೇರಿಸಬೇಕು. ಜನರ ರೋಷದಿಂದ ಅದು ಅಸಾಧ್ಯವಾದಲ್ಲಿ ಕಾನೂನು ಅದನ್ನು ಮನ್ನಿಸುತ್ತದೆ. ಆದರೆ ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ತಪ್ಪಿದರೆ 24 ಗಂಟೆಗಳೊಳಗಾಗಿ, ವರದಿ ಕೊಡಲೇಬೇಕು. ಪರಭಾಷೆಯ ಊರಿನಲ್ಲಿ ಗುಂಪು ಕಂಡು ಹೆದರಿ ಓಡಿದ ನಮ್ಮ ಹುಡುಗನಿಗೆ ಈ ಒಂದು ವಾಕ್ಯ ಗೊತ್ತಿದ್ದರೆ, ಅವನೂ ಉಳಿದಾನು, ಗಾಯಾಳುವೂ ಉಳಿದಾನು.

ಇನ್ನು ಮಾಲೀಕರಿಗೆ ಎರಡು ಮಾತು. "ಹೇರು ನನ್ನದಲ್ಲ, ಸಾಹುಕಾರರದು, ಬೇಡವೆಂದರೆ ನಾಳೆ ಬೇರೆಯವನು ಸ್ಟಿಯರಿಂಗ್ ಹಿಡಿಯುತ್ತಾನೆ" ಎಂದು ಚಾಲಕನು ಹೇಳುವುದರಲ್ಲಿ ಸತ್ಯವಿದೆ. ಆದರೆ ಕಾನೂನು ಓಡಿಸಿದವನನ್ನು ಮಾತ್ರವಲ್ಲ, ಓಡಿಸಲು ಹಚ್ಚಿದವನನ್ನೂ ಹೊಣೆ ಮಾಡುತ್ತದೆ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲಿ ಅತಿವೇಗ, ಮದ್ಯಪಾನ, ಅತಿಹೇರು ಮೊದಲಾದ ತಪ್ಪುಗಳಿಗೆ ಲೈಸೆನ್ಸನ್ನು ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಅಮಾನತಿನಲ್ಲಿಡಬೇಕೆಂದು ರಾಜ್ಯಗಳಿಗೆ ಸೂಚಿಸಿತು. ಮೂರು ತಿಂಗಳು ಒಲೆ ಹೊತ್ತದಿರುವುದು ಚಾಲಕನ ಮನೆಯಲ್ಲಿ, ಸಾಹುಕಾರರ ಮನೆಯಲ್ಲಲ್ಲ. ನಿದ್ದೆಯಿಲ್ಲದೆ ಓಡಿಸಬಾರದೆಂಬುದೂ ನಿನ್ನೆ ಮೊನ್ನೆಯ ಬೋಧನೆಯಲ್ಲ. ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ವಿಧಿಸಿತ್ತು. ಕಾಗದದ ಮೇಲಿನ ಆ ವಿಶ್ರಾಂತಿ ಲಾರಿಯೊಳಗೆ ಎಂದು ಬಂದೀತು? ಆದುದರಿಂದ ತರಗತಿಯಲ್ಲಿ ಚಾಲಕನ ಪಕ್ಕದಲ್ಲಿ ಮಾಲೀಕನೂ ಕುಳಿತುಕೊಳ್ಳತಕ್ಕದ್ದು.

ಕೊನೆಯದಾಗಿ ಭಾಷೆಯ ಮಾತು. ತಿಳಿಯದ ಭಾಷೆಯಲ್ಲಿ ಕೊಟ್ಟ ತರಬೇತಿ ತರಬೇತಿಯೇ ಅಲ್ಲ; ಅದು ಹಾಜರಿ ಮಾತ್ರ. ಅಪಾಯಕರ ಸರಕಿನ ಚಾಲಕನು ಇಂಗ್ಲಿಷಿನ ಜೊತೆಗೆ ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆಯನ್ನು ಓದಿ ಬರೆಯಬಲ್ಲವನಾಗಿರಬೇಕೆಂದು ನಿಯಮ ಹೇಳಿತು. ಆ ಅನುಸೂಚಿಯಲ್ಲಿ ಕನ್ನಡವೂ ಇದೆ. ಕನ್ನಡ ಹಳ್ಳಿಗಳಿರುವ ತಾಲೂಕುಗಳಲ್ಲಿ ತರಬೇತಿಯೂ ಕೈಪಿಡಿಯೂ ಕನ್ನಡದಲ್ಲಿರಲೆಂದು ಕೇಳುವುದು ಬಿನ್ನಾಣದ ಬೇಡಿಕೆಯಲ್ಲ, ಪ್ರಾಣರಕ್ಷಣೆಯ ಬೇಡಿಕೆ. ಹಾಗೆಯೇ, ತಾನಿರುವ ರಾಜ್ಯದ ಭಾಷೆಯ ಹತ್ತು ಮಾತುಗಳನ್ನು - ನಿಲ್ಲು, ತೂಕ, ಆಸ್ಪತ್ರೆ, ಠಾಣೆ ಇತ್ಯಾದಿ - ಚಾಲಕನು ಕಲಿತಿರಬೇಕು. ಇದರಿಂದ ನಮ್ಮ ನುಡಿಗೆ ಕುಂದಿಲ್ಲ.

ಹೀಗಿರುವಲ್ಲಿ ನಾವು ಮಾಡಬೇಕಾದ ಕೆಲಸವಿಷ್ಟು. ಅಮಾವಾಸ್ಯೆಯ ದಿನ ಅನೇಕ ಲಾರಿಗಳು ಊರಿನಲ್ಲಿಯೇ ನಿಂತಿರುತ್ತವೆ. ಅಂದು ಸಂಜೆ ಶಾಲೆಯಲ್ಲಾಗಲಿ, ಗುಡಿಯ ಪೌಳಿಯಲ್ಲಾಗಲಿ ಎರಡು ಗಂಟೆ ಕೂಡಬೇಕು. ಒಂದು ತಿಂಗಳು ಹೇರಿನ ನಿಯಮ, ಒಂದು ತಿಂಗಳು ಬ್ರೇಕು ಮತ್ತು ಘಾಟಿ, ಒಂದು ತಿಂಗಳು ಪ್ರಥಮ ಚಿಕಿತ್ಸೆ, ಒಂದು ತಿಂಗಳು ಕಾಗದಪತ್ರಗಳು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಊರ ಮಾಸ್ತರರು ದಂಡದ ಚೀಟಿಗಳನ್ನು ಓದಿ ಅರ್ಥ ಹೇಳಲಿ. ಮೆಕ್ಯಾನಿಕನು ಬ್ರೇಕನ್ನು ಬಿಚ್ಚಿ ತೋರಿಸಲಿ. ಸಾರಿಗೆ ಅಧಿಕಾರಿಗಳನ್ನು ವರ್ಷಕ್ಕೊಮ್ಮೆಯಾದರೂ ಗೌರವದಿಂದ ಬರಮಾಡಿಕೊಂಡು ಪ್ರಶ್ನೆ ಕೇಳೋಣ.

ಲಾರಿಯ ಸಪ್ಪಳಕ್ಕಾಗಿ ಮಧ್ಯರಾತ್ರಿಯಲ್ಲಿ ಕಿವಿಗೊಟ್ಟು ಎಚ್ಚರವಿರುವ ತಾಯಂದಿರು ನಮ್ಮ ಪ್ರತಿಯೊಂದು ಊರಿನಲ್ಲಿದ್ದಾರೆ. ಅವರ ಮಕ್ಕಳು ಕ್ಷೇಮವಾಗಿ ಮನೆ ಸೇರಲು ತಿಂಗಳಿಗೆ ಎರಡು ಗಂಟೆ ದೊಡ್ಡ ಬೆಲೆಯಲ್ಲ. ಬರುವ ಅಮಾವಾಸ್ಯೆಯಿಂದಲೇ ಈ ಕೆಲಸ ಆರಂಭವಾಗಲೆಂಬುದು ನಮ್ಮ ಬಿನ್ನಹ.